‘ನಾಳೆ ಬಾ’ ಅಂದರೆ ಸುಮ್ಮನೆ ಹೋಗೋಕೆ ನಾವೇನು ದೆವ್ವಾನಾ?

ನಿಮ್ಮಲ್ಲಿ ನಲವತ್ತು ದಾಟಿದವರಿಗೆ ನೆನಪಿರಬೇಕು. 1990ರ ದಶಕದಲ್ಲಿ ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಹೊತ್ತು ದೆವ್ವ ಬಂದು ಗೊತ್ತಿರುವವರ ದನಿಯಲ್ಲಿ ಬಾಗಿಲು ಬಡಿಯುತ್ತದೆ, ತೆರೆದರೆ ಕಥೆ ಮುಗೀತು ಎಂಬ ಸುದ್ದಿ ಹಬ್ಬಿತ್ತು. ದೆವ್ವಕ್ಕೆ ಓದು ಬರುತ್ತಿತ್ತು, ಅದೂ ಕನ್ನಡ! ಬಂದು ಓದಿ, ‘ಓಹೋ, ನಾಳೆ ಬರಬೇಕು’ ಎಂದು ವಾಪಸ್ ಹೋಗುತ್ತಿತ್ತಂತೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಪಾಪ, ಬಲು ವಿಧೇಯ ದೆವ್ವ.

ಆ ಬರಹ ಮನೆ ಬಾಗಿಲಿಂದ ಅಳಿಸಿಹೋಗಿದೆ. ಆದರೆ ಅದು ಎಲ್ಲಿಗೆ ಹೋಯಿತು ಎಂಬುದು ತಾಲೂಕು ಕೇಂದ್ರಕ್ಕೆ ಒಂದು ಕಾಗದದ ಕೆಲಸಕ್ಕೆ ಹೋದವರಿಗೆಲ್ಲ ಗೊತ್ತು. ಈಗ ಅದು ಕೌಂಟರಿನ ಕಿಂಡಿಯಲ್ಲಿದೆ. ಬರೆದಿಲ್ಲ, ಬಾಯಲ್ಲಿ ಹೇಳುತ್ತಾರೆ ಅಷ್ಟೇ. ಮತ್ತು ದೆವ್ವದ ಜಾಗದಲ್ಲಿ ನಾವಿದ್ದೇವೆ.

ಇದು ಚಿಲ್ಲರೆ ವಿಷಯ ಎನ್ನುತ್ತೀರಾ? ನಾವೂ ಹಾಗೇ ಅಂದುಕೊಂಡಿದ್ದೆವು. ನಮ್ಮ ಓಣಿಯ ಒಬ್ಬ ತಾಯಿಯ ಜೊತೆ ಕೂತು ಲೆಕ್ಕ ಹಾಕುವವರೆಗೆ.

ಆಕೆಯ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದ್ದಳು. ಹಾಸ್ಟೆಲಿಗೆ ಅರ್ಜಿ ಹಾಕಬೇಕು, ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು. ಅಪ್ಪ ಗೌಂಡಿ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದ. ತಾಯಿ ಹೊರಟಳು. ಮೊದಲ ದಿನ ‘ಸರ್ವರ್ ಇಲ್ಲ ಅಕ್ಕಾ, ನಾಳಿ ಬರ್ರಿ.’ ಎರಡನೇ ಸಲ ಹೋದಾಗ ಕುರ್ಚಿ ಖಾಲಿ. ‘ಮೀಟಿಂಗಿಗೆ ಹೋಗ್ಯಾರ, ಇವತ್ತ ಬರಂಗಿಲ್ಲ’ ಎಂದು ಪಕ್ಕದ ಮೇಜಿನವರು ಹೇಳಿದರು. ಮೂರನೇ ಸಲ ಮನುಷ್ಯ ಇದ್ದ, ಸರ್ವರ್ ಇತ್ತು, ಆದರೆ ರೇಷನ್ ಕಾರ್ಡಿನ ಝೆರಾಕ್ಸ್ ಮಸುಕಾಗಿತ್ತು. ಹೊಸದು ಮಾಡಿಸಿಕೊಂಡು ಬರುವಷ್ಟರಲ್ಲಿ ಊಟದ ಹೊತ್ತು. ಊಟ ಮುಗಿದ ಮೇಲೆ ನೋಡಿದರೆ ಆಧಾರ್‌ನಲ್ಲಿ ಗಂಡನ ಹೆಸರಿನ ಮುಂದೆ ಇನಿಶಿಯಲ್ ಇದೆ, ರೇಷನ್ ಕಾರ್ಡಿನಲ್ಲಿ ಇಲ್ಲ. ‘ಇದನ್ನ ಕೇಳಿ ಹೇಳ್ತೀನಿ, ಸೋಮವಾರ ಬರ್ರಿ.’ ನಾಲ್ಕನೇ ಸಲ, ಅದೇ ಕಾಗದ, ಅದೇ ಇನಿಶಿಯಲ್, ಅರ್ಜಿ ಸರಾಗವಾಗಿ ಹೋಯಿತು. ಸೋಮವಾರಕ್ಕೂ ಗುರುವಾರಕ್ಕೂ ಏನು ಬದಲಾಯಿತೋ ಆಕೆಗೆ ಯಾರೂ ಹೇಳಲಿಲ್ಲ. ಆಕೆಯೂ ಕೇಳಲಿಲ್ಲ. ಕೇಳಿದರೆ ಮತ್ತೆ ಎಲ್ಲಿ ವಾಪಸ್ ಕಳಿಸಿಬಿಡುತ್ತಾರೋ ಎಂಬ ಹೆದರಿಕೆ.

ಪ್ರಮಾಣಪತ್ರ ಬಂತು. ಬರುವಷ್ಟರಲ್ಲಿ ಹಾಸ್ಟೆಲ್ ಅರ್ಜಿಯ ಕೊನೆಯ ದಿನ ಕಳೆದು ಎರಡು ದಿನ ಆಗಿತ್ತು.

ಈಗ ಆ ಹುಡುಗಿ ಬೆಳಗ್ಗೆ ಆರೂವರೆಗೆ ಮನೆ ಬಿಡುತ್ತಾಳೆ. ಎರಡು ಬಸ್ ಬದಲಿಸಬೇಕು. ಮೊದಲನೆಯದು ತಡವಾದರೆ ಎರಡನೆಯದು ಸಿಗುವುದಿಲ್ಲ, ಮೊದಲ ಪಿರಿಯಡ್ ಹೋಯಿತು. ಆಕೆಯ ಮೊದಲ ಪಿರಿಯಡ್ ಫಿಜಿಕ್ಸ್.

ಓಣಿಯಲ್ಲಿ ಈ ವಿಷಯ ಬಂದಾಗ ಒಬ್ಬ ಹಿರಿಯರು ಹೇಳಿದ ಮಾತು: ‘ನಾಕ್ ಸಲ ಓಡಾಡಿದ್ರ ಏನಾತು, ಬಸ್ ಪುಕ್ಕಟೆ ಐತಲ್ಲ.’

ಇಲ್ಲಿ ಸ್ವಲ್ಪ ನಿಲ್ಲಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಅದರಿಂದ ಎಷ್ಟು ಒಳ್ಳೆಯದಾಗಿದೆ ಎಂಬುದನ್ನು ನಾವು ದಿನಾ ಕಾಣುತ್ತೇವೆ, ಈ ಹುಡುಗಿ ಓದು ಬಿಡದೆ ಇರುವುದೂ ಅದರಿಂದಲೇ. ಆದರೆ ಜೊತೆಗೆ ಇನ್ನೊಂದನ್ನೂ ನಾವು ನಮ್ಮ ಊರುಗಳಲ್ಲಿ ನೋಡುತ್ತಿದ್ದೇವೆ. ಮೊದಲು ಕಚೇರಿ ಓಡಾಟ ಗಂಡಸರ ಕೆಲಸವಾಗಿತ್ತು. ಈಗ ‘ನಿನಗ ಟಿಕೆಟ್ ಇಲ್ಲ, ನೀನ ಹೋಗಿ ಬಾ’ ಎಂದು ಮನೆಯ ಹೆಂಗಸರನ್ನೇ ಕಳಿಸುವುದು ಹೆಚ್ಚಾಗಿದೆ. ಬಸ್ಸು ಪುಕ್ಕಟೆ ಆದ ಕೂಡಲೇ ಆಕೆಯ ದಿನವೂ ಪುಕ್ಕಟೆ ಎಂದು ಮನೆಯವರೂ ತಿಳಿದರು, ಕಚೇರಿಯವರೂ ತಿಳಿದರು. ವಾಪಸ್ ಕಳಿಸುವಾಗ ಈಗ ಅವರಿಗೆ ಅಷ್ಟು ಸಂಕೋಚವೂ ಆಗುವುದಿಲ್ಲ.

ಆಕೆಯ ದಿನಕ್ಕೆ ಬೆಲೆ ಎಷ್ಟು? ನಮ್ಮ ಅಂದಾಜು ಬೇಡ, ಸರ್ಕಾರದ್ದೇ ಅಳತೆ ಹಿಡಿಯೋಣ. 2025ರ ಏಪ್ರಿಲ್‌ನಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ದಿನಗೂಲಿ 370 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ. ಅರ್ಜಿ ಕೊಡಲು ಒಂದು ದಿನ ಬೇಕೇ ಬೇಕಿತ್ತು ಎಂದು ಬಿಟ್ಟುಬಿಡೋಣ. ಉಳಿದ ಮೂರು ದಿನಕ್ಕೆ 1,110 ರೂಪಾಯಿ. ಝೆರಾಕ್ಸ್, ಚಹಾ, ಸಣ್ಣ ಮಗನನ್ನು ನೋಡಿಕೊಂಡ ಪಕ್ಕದ ಮನೆಯವರಿಗೆ ಒಯ್ದ ಬಾಳೆಹಣ್ಣು, ಇವನ್ನೆಲ್ಲ ಲೆಕ್ಕಕ್ಕೆ ಹಿಡಿದಿಲ್ಲ. ಲೆಕ್ಕ ಬರೆಯುತ್ತಾ ಹೋದಂತೆ ಆಕೆ, ‘ಬಿಡ್ರಿ ಸಾಕು, ಹೊಟ್ಟಿ ಉರಿತೈತಿ’ ಎಂದಳು.

ಯಾರಾದರೂ ಆಕೆಯ ಹತ್ತಿರ 1,110 ರೂಪಾಯಿ ಲಂಚ ಕೇಳಿದ್ದರೆ ಅದು ಸುದ್ದಿಯಾಗುತ್ತಿತ್ತು. ನಾವೇ ಓಡಿಹೋಗಿ ಬರೆಯುತ್ತಿದ್ದೆವು. ಇಲ್ಲಿ ಯಾರೂ ಲಂಚ ಕೇಳಿಲ್ಲ, ಯಾರೂ ಬೈದಿಲ್ಲ, ‘ಅಕ್ಕಾ’ ಎಂದೇ ಮಾತಾಡಿಸಿದ್ದಾರೆ. ದುಡ್ಡು ಮಾತ್ರ ಹೋಯಿತು. ಯಾರ ಜೇಬಿಗೂ ಹೋಗಲಿಲ್ಲ, ಗಾಳಿಗೆ ಹೋಯಿತು. ಇದನ್ನು ಸುದ್ದಿ ಮಾಡಿ ಕಳಿಸಿದರೆ ಪತ್ರಿಕೆಯ ಡೆಸ್ಕಿನಿಂದ ಬರುವ ಪ್ರಶ್ನೆ ನಮಗೆ ಬಾಯಿಪಾಠ: ‘ಇದರಲ್ಲಿ ಸುದ್ದಿ ಏನಿದೆ?’ ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಸಕಾಲ ಇದೆಯಲ್ಲ ಎಂದು ತಿಳಿದವರು ಕೇಳಬಹುದು. ಇದೆ. ಕಾಯ್ದೆ ಆಗಿದ್ದು 2011ರಲ್ಲಿ, ಜಾರಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ಒಂದೊಂದು ಸೇವೆಗೂ ಇಷ್ಟು ದಿನ ಎಂದು ಗಡುವು ಇದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕು, ಅದನ್ನು ತಡ ಮಾಡಿದವರಿಂದ ವಸೂಲಿ ಮಾಡಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ನಿಜಕ್ಕೂ ಒಳ್ಳೆಯ ಕಾನೂನು. ದಿನಕ್ಕೆ 20 ರೂಪಾಯಿ ಎಂಬುದು 370ರ ಎದುರು ಏನೂ ಅಲ್ಲ, ಆದರೂ ತಡವಾದದ್ದಕ್ಕೆ ಒಂದು ಬೆಲೆ ಇದೆ ಎಂದು ಒಪ್ಪಿಕೊಂಡ ಕಾನೂನು.

ಹಾಗಾದರೆ ಆಕೆಗೆ ಎಷ್ಟು ಸಿಗಬೇಕು? ಒಂದು ಪೈಸೆಯೂ ಇಲ್ಲ. ಯಾಕೆಂದರೆ ಸಕಾಲದ ಗಡಿಯಾರ ಓಡಲು ಶುರುವಾಗುವುದು ಅರ್ಜಿ ತೆಗೆದುಕೊಂಡು, ಸಂಖ್ಯೆ ಹಾಕಿ, ಸ್ವೀಕೃತಿ ಚೀಟಿ ಕೊಟ್ಟ ಮೇಲೆ. ಆಕೆಗೆ ಚೀಟಿ ಸಿಕ್ಕಿದ್ದು ನಾಲ್ಕನೇ ಸಲ ಹೋದಾಗ. ಅಲ್ಲಿಂದ ಎಣಿಸಿದರೆ ಕೆಲಸ ಗಡುವಿನೊಳಗೇ ಆಗಿದೆ. ಅಂದರೆ ಕಂಪ್ಯೂಟರಿನಲ್ಲಿ ಈಕೆಯ ಅರ್ಜಿ ‘ಸಕಾಲದಲ್ಲಿ ವಿಲೇವಾರಿ’ ಎಂಬ ಪಟ್ಟಿಯಲ್ಲಿ ಸೇರಿಕೊಂಡಿದೆ. ಮೇಲಿನವರು ನೋಡುವ ವರದಿಯಲ್ಲಿ ಆಕೆ ಸಂತೃಪ್ತ ನಾಗರಿಕಳು. ಮೊದಲ ಮೂರು ದಿನ ಆಕೆ ಆ ಕಿಂಡಿಯ ಮುಂದೆ ನಿಂತಿದ್ದಳು ಎಂಬುದಕ್ಕೆ ಭೂಮಿಯ ಮೇಲೆ ಒಂದು ತುಂಡು ಕಾಗದವೂ ಇಲ್ಲ.

ನಮಗೆ ಕಿರಿಕಿರಿ ಎನಿಸುವುದು ಇದೇ. ತಡವಾಗುವುದಕ್ಕಿಂತ ಹೆಚ್ಚಾಗಿ, ತಡವಾದದ್ದು ಎಲ್ಲೂ ದಾಖಲಾಗದೆ ಇರುವುದು. ‘ನಾಳೆ ಬರ್ರಿ’ ಎಂಬುದು ಬಾಯಿಮಾತು. ಅದಕ್ಕೆ ಸಹಿ ಇಲ್ಲ, ಸೀಲಿಲ್ಲ, ತಾರೀಖಿಲ್ಲ. ಅದರ ಮೇಲೆ ದೂರು ಕೊಡಲು ಹೋದರೆ ‘ಯಾರಂದ್ರು? ಯಾವಾಗ ಅಂದ್ರು?’ ಎನ್ನುತ್ತಾರೆ.

ನೋಡಿ, ಬಸ್ ಕಂಡಕ್ಟರಿಗೆ ನಾವು ಎಷ್ಟು ಬೈದುಕೊಳ್ಳುತ್ತೇವೆ. ಚಿಲ್ಲರೆ ಕೊಡಲ್ಲ, ಇಳಿಯುವಾಗ ಇಸ್ಕೊಳ್ಳಿ ಅಂತಾರೆ, ಇಳಿಯುವಾಗ ನಮಗೇ ಮರೆತುಹೋಗುತ್ತದೆ, ಬಸ್ಸು ಹೋದ ಮೇಲೆ ಹಣೆ ಹಣೆ ಬಡಿದುಕೊಳ್ಳುತ್ತೇವೆ. ಆದರೆ ಆ ಮನುಷ್ಯ ಒಂದು ಕೆಲಸ ಸರಿಯಾಗಿ ಮಾಡುತ್ತಾನೆ. ನಮಗೆ ಬರಬೇಕಾದ ಬಾಕಿ ಎಷ್ಟು ಎಂದು ಟಿಕೆಟಿನ ಹಿಂದೆ ಬರೆದುಕೊಡುತ್ತಾನೆ. ಆ ಬರಹ ತೋರಿಸಿದರೆ ದುಡ್ಡು ಕೊಡಲೇಬೇಕು, ಇಲ್ಲ ಎನ್ನುವ ಹಾಗಿಲ್ಲ. ಕಚೇರಿಗಳು ನಮಗೆ ಇಡೀ ದಿನಗಳ ಬಾಕಿ ಉಳಿಸಿಕೊಂಡಿವೆ. ಯಾವ ಟಿಕೆಟಿನ ಹಿಂದೆಯೂ ಬರೆದುಕೊಟ್ಟಿಲ್ಲ.

ಚಿಲ್ಲರೆ ಎಂದಾಗ 10 ರೂಪಾಯಿ ನಾಣ್ಯ ನೆನಪಾಗುತ್ತದೆ. ಇದು ಸ್ವಲ್ಪ ಬೇರೆ ವಿಷಯ, ಆದರೂ ಹೇಳಿಬಿಡುತ್ತೇವೆ. ನಮ್ಮ ಕಡೆ ಎಷ್ಟೋ ಅಂಗಡಿಗಳಲ್ಲಿ ಈ ನಾಣ್ಯ ಇನ್ನೂ ನಡೆಯುವುದಿಲ್ಲ. ‘ಬ್ಯಾಂಕಿನ್ಯಾಗ ತೊಗೊಳ್ಳಂಗಿಲ್ಲ, ಬಂದ್ ಆಗೈತಿ.’ ಯಾರು ಹೇಳಿದ್ದು? ಯಾರೋ ಹೇಳಿದ್ದು. 2018ರ ಜನವರಿಯಲ್ಲೇ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟಿದೆ. ಅಲ್ಲಿಯವರೆಗೆ ಬಂದ 14 ಬಗೆಯ 10 ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆ, ರೂಪಾಯಿ ಚಿಹ್ನೆ ಇದ್ದದ್ದೂ ನಡೆಯುತ್ತದೆ, ಇಲ್ಲದ್ದೂ ನಡೆಯುತ್ತದೆ ಎಂದು. ಬರೆದು ಹೇಳಿದ ಬ್ಯಾಂಕು ಸೋತಿತು, ಬಾಯಲ್ಲಿ ಹೇಳಿದ ಯಾರೋ ಗೆದ್ದ. ನಮ್ಮ ಒಬ್ಬ ಗೆಳೆಯನ ಮನೆಯಲ್ಲಿ ಹೀಗೆ ಉಳಿದ ನಾಣ್ಯಗಳ ಡಬ್ಬಿ ತುಂಬಿದೆ, ಅವನ ತಂಗಿ ಅದನ್ನು ಬಾಗಿಲು ಬಡಿಯದಂತೆ ಒತ್ತು ಕೊಡಲು ಇಟ್ಟಿದ್ದಾಳೆ.

ಮತ್ತೆ ಕಿಂಡಿಗೆ ಬರೋಣ. ಈವರೆಗೆ ಓದಿದವರು ಕಿಂಡಿಯ ಒಳಗಿರುವವನನ್ನು ಖಳನಾಯಕ ಮಾಡಿಕೊಂಡಿದ್ದರೆ ತಪ್ಪು ನಮ್ಮದು. ಒಳಗಡೆಯ ಕಥೆಯೂ ಇದೆ. ಇಂಥ ಕೌಂಟರುಗಳಲ್ಲಿ ಕೂರುವ ಬಹಳ ಆಪರೇಟರುಗಳು ಹೊರಗುತ್ತಿಗೆಯವರು. ಸಂಬಳ ತಿಂಗಳು ತಿಂಗಳು ಸರಿಯಾಗಿ ಬಂದರೆ ಅದೃಷ್ಟ. ಸರ್ವರ್ ಅವರ ಕೈಯಲ್ಲಿಲ್ಲ, ಎಲ್ಲೋ ಬೆಂಗಳೂರಲ್ಲಿದೆ. ಬೈಗುಳ ಮಾತ್ರ ಕಿಂಡಿಯಿಂದ ನೇರ ಅವರ ಮುಖಕ್ಕೇ. ಸರ್ವರ್ ಇಲ್ಲದ ದಿನ ಅರ್ಜಿ ಯಾಕೆ ಕಡಿಮೆ ಎಂದು ಮೇಲಿನವರೂ ಅವರನ್ನೇ ಕೇಳುತ್ತಾರೆ.

ಹೀಗೆ ಹೇಳುತ್ತಾ ಹೋದರೆ ನಮ್ಮ ಊರಿನ ಅರ್ಧ ಕೆಲಸಗಾರರ ಕಥೆ ಇದೇ. ಅಂಗನವಾಡಿ ಅಕ್ಕ ಈಗ ಮನೆಗೆ ಕೊಡುವ ಆಹಾರ ಹಂಚುವಾಗ ತಾಯಂದಿರ ಮುಖವನ್ನು ಫೋನಿನಲ್ಲಿ ಸೆರೆಹಿಡಿಯಬೇಕು. ‘ಕಣ್ಣು ಮಿಟುಕಿಸಿ’ ಎನ್ನುತ್ತದೆ ಫೋನು. ತಾಯಿ ಮಿಟುಕಿಸುತ್ತಾಳೆ, ನೆಟ್‌ವರ್ಕ್ ಹೋಗುತ್ತದೆ. ಮತ್ತೆ ಮಿಟುಕಿಸಬೇಕು. ನಮ್ಮೂರಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಗುಡಿಯ ಕಟ್ಟೆಯ ಮೇಲೆ. ಹಾಗಾಗಿ ತಿಂಗಳಿಗೊಮ್ಮೆ ಬಾಣಂತಿಯರೆಲ್ಲ ಕಟ್ಟೆಯ ಮೇಲೆ ಸಾಲಾಗಿ ನಿಂತು ಕಣ್ಣು ಮಿಟುಕಿಸುವುದನ್ನು ನೋಡಬಹುದು. ನಗು ಬರುತ್ತದೆ, ಎರಡನೇ ಸಲ ನೋಡಿದಾಗ ಬರುವುದಿಲ್ಲ. ನರೇಗಾದಲ್ಲೂ 2023ರ ಜನವರಿ 1ರಿಂದ ಹಾಜರಿ ಆ್ಯಪಿನಲ್ಲೇ ಎಂದಾಯಿತು, ದಿನಕ್ಕೆ ಎರಡು ಸಲ ಎಲ್ಲರ ಫೋಟೋ. ಬೆಳಗ್ಗೆ ಬೇಗ ಬಂದು ಬಿಸಿಲೇರುವ ಮೊದಲೇ ಮಣ್ಣು ಅಗೆದು ಮುಗಿಸಿದವರು ಎರಡನೇ ಫೋಟೋಕ್ಕಾಗಿ ಜಾಲಿ ಗಿಡದ ನೆರಳಲ್ಲಿ ಕಾಯುತ್ತಾ ಕೂತದ್ದನ್ನು ನಾವು ನೋಡಿದ್ದೇವೆ. ಕೆಲಸ ಆಗಿದೆ, ಮಣ್ಣು ಕಣ್ಣೆದುರೇ ಬಿದ್ದಿದೆ. ಆದರೆ ಫೋಟೋ ಏರಬೇಕು.

ಇಲ್ಲೊಂದು ವಿಚಿತ್ರ ಗಮನಿಸಿ. ಮೇಲಿನಿಂದ ಕೆಳಗೆ ನೋಡುವಾಗ ಪ್ರತಿ ನಿಮಿಷಕ್ಕೂ ಸಾಕ್ಷಿ ಬೇಕು. ನೀನು ಬಂದೆಯಾ, ಮುಖ ತೋರಿಸು, ಹೆಬ್ಬೆಟ್ಟು ಒತ್ತು, ಜಾಗದ ಗುರುತು ಕಳಿಸು. ಕೆಳಗಿನಿಂದ ಮೇಲೆ ಹೋದವರು ಬಂದಿದ್ದರು ಎಂಬುದಕ್ಕೆ ಮಾತ್ರ ಯಾವ ಸಾಕ್ಷಿಯೂ ಬೇಡ. ಹೊಲದಲ್ಲಿ ಅಗೆಯುವವಳ ಹಾಜರಿಗೆ ಆ್ಯಪ್ ಮಾಡಿದ್ದಾರೆ. ಕಚೇರಿ ಬಾಗಿಲಿಗೆ ಬಂದವಳ ಹಾಜರಿಗೆ 20 ರೂಪಾಯಿಯ ಒಂದು ನೋಟ್‌ಬುಕ್ ಇಟ್ಟಿಲ್ಲ.

ನಮ್ಮನ್ನೂ ಬಿಡುವ ಹಾಗಿಲ್ಲ. ಕಳೆದ ವರ್ಷ ಒಂದು ಶಾಲೆಯ ಕಾರ್ಯಕ್ರಮ. ಹತ್ತು ಗಂಟೆಗೆ ಎಂದು ಕರೆಯೋಲೆ. ಮಕ್ಕಳು ಒಂಬತ್ತಕ್ಕೇ ಹೂ ಹಿಡಿದು ಸಾಲು ನಿಂತಿದ್ದರು. ಅತಿಥಿ ಬಂದದ್ದು ಹನ್ನೊಂದೂವರೆಗೆ. ಬಂದ ಮೇಲೂ ದೀಪ ಹಚ್ಚಲಿಲ್ಲ, ಯಾಕೆಂದರೆ ಪತ್ರಿಕೆಯವರು ಬಂದಿರಲಿಲ್ಲ. ಪತ್ರಿಕೆಯವರು ಎಂದರೆ ನಾವು. ನಮ್ಮ ಗಾಡಿ ಪಂಕ್ಚರ್ ಆಗಿತ್ತು, ಆಮೇಲೆ ಚಹಾ ಕುಡಿದೆವು. ನಾವು ಒಳಗೆ ಹೋಗುವಾಗ ಒಬ್ಬ ಪುಟ್ಟ ಹುಡುಗಿಯ ಕೈಯಲ್ಲಿ ಗುಲಾಬಿ ಬಾಡಿ ತಲೆ ಬಗ್ಗಿಸಿತ್ತು. ಆಕೆ ಅದನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದಿದ್ದಳು. ನಾವು ಆ ಫೋಟೋ ತೆಗೆಯಲಿಲ್ಲ, ದೀಪ ಹಚ್ಚುವುದನ್ನು ತೆಗೆದೆವು. ಕಾಯಿಸುವವರ ಪಟ್ಟಿ ಬರೆದರೆ ನಮ್ಮ ಹೆಸರೂ ಅದರಲ್ಲಿರಬೇಕು.

ಹಾಗಂತ ಇದೆಲ್ಲ ಹೀಗೇ, ಯಾರೂ ಸರಿ ಮಾಡೋಕಾಗಲ್ಲ ಎಂದು ನಮಗೆ ಅನಿಸಿಲ್ಲ. ನಮ್ಮ ಊರಿನ ಲೈನ್‌ಮನ್ ಒಬ್ಬರಿದ್ದಾರೆ. ಕರೆಂಟು ತೆಗೆಯುವ ಹಿಂದಿನ ರಾತ್ರಿಯೇ ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಸಾಲು ಹಾಕುತ್ತಾರೆ: ‘ನಾಳೆ 11ರಿಂದ 3 ಲೈನ್ ಬಂದ್.’ ಅಷ್ಟೇ. ಕರೆಂಟು ಹೋಗುವುದು ತಪ್ಪಿಲ್ಲ. ಆದರೆ ಹಿಟ್ಟಿನ ಗಿರಣಿಯ ಮುಂದೆ ಜೋಳದ ಬುಟ್ಟಿ ಇಟ್ಟುಕೊಂಡು ಕಾಯುವವರು ತಪ್ಪಿದ್ದಾರೆ, ನೀರು ಬಿಡುವ ಹೊತ್ತು ಗೊತ್ತಾಗಿದೆ, ಊರಿನವರಿಗೆ ಲೈನ್‌ಮನ್ ಮೇಲೆ ಸಿಟ್ಟೂ ಇಲ್ಲ. ಒಂದು ಸಾಲಿನ ಖರ್ಚು. ಸರ್ವರ್ ಬಿದ್ದಿದ್ದರೆ ಬೆಳಗ್ಗೆ ಹತ್ತಕ್ಕೇ ಪಂಚಾಯ್ತಿ ಗ್ರೂಪುಗಳಿಗೆ ಒಂದು ಸಾಲು ಹಾಕಲು ಕಚೇರಿಗಳಿಗೆ ಏನು ಕಷ್ಟ? ಆ ಗ್ರೂಪುಗಳಲ್ಲಿ ಶುಭೋದಯ ಬರುತ್ತದೆ, ಹುಟ್ಟುಹಬ್ಬದ ಬ್ಯಾನರ್ ಬರುತ್ತದೆ. ಇದೊಂದು ಬರಲಿ.

ಎರಡನೆಯದು ಆ ನೋಟ್‌ಬುಕ್. ಕಿಂಡಿಯ ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಒಂದು ಪುಸ್ತಕ. ವಾಪಸ್ ಹೋಗುವವರ ಹೆಸರು, ಊರು, ತಾರೀಖು, ಯಾಕೆ ವಾಪಸ್. ಓದು ಬಾರದವರದ್ದನ್ನು ಪಕ್ಕದಲ್ಲಿದ್ದವರು ಬರೆಯಲಿ. ತಿಂಗಳ ಕೊನೆಗೆ ತಹಶೀಲ್ದಾರರು ಆ ಪುಸ್ತಕ ತಿರುವಿದರೆ ಸಾಕು. ಸರ್ವರ್‌ನಿಂದ ವಾಪಸ್ ಹೋದವರು ಎಷ್ಟು, ಖಾಲಿ ಕುರ್ಚಿಯಿಂದ ಎಷ್ಟು, ಇನಿಶಿಯಲ್‌ನಿಂದ ಎಷ್ಟು ಎಂದು ಕಾಣುತ್ತದೆ. ಇವತ್ತು ಅವರಿಗೂ ಅದು ಕಾಣುತ್ತಿಲ್ಲ. ಅವರ ಕಂಪ್ಯೂಟರಿನಲ್ಲಿ ಎಲ್ಲರೂ ಸಕಾಲದಲ್ಲಿದ್ದಾರೆ.

ಇದನ್ನು ಕೇಳಲು ಜಾಗವೂ ಇದೆ. ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕು ಎಂದು ಕಾಯ್ದೆ ಹೇಳುತ್ತದೆ. ಅಲ್ಲಿ ಚರಂಡಿ, ಮನೆ, ಬೀದಿದೀಪದ ಮಾತು ಬರುತ್ತದೆ. ‘ನನ್ನನ್ನು ಮೂರು ಸಲ ವಾಪಸ್ ಕಳಿಸಿದರು’ ಎಂದು ಎದ್ದು ನಿಂತು ಹೇಳುವವರನ್ನು ನಾವಿನ್ನೂ ನೋಡಿಲ್ಲ. ಹೇಳಿದರೆ ಜನ ನಗುತ್ತಾರೆ ಎಂಬ ನಾಚಿಕೆ. ಒಬ್ಬರು ಹೇಳಿದರೆ ನಗಬಹುದು. ಹತ್ತು ಜನ ತಾರೀಖು ಸಮೇತ ಹೇಳಿದರೆ ಅಲ್ಲಿ ಕೂತ ಅಧಿಕಾರಿ ಬರೆದುಕೊಳ್ಳಲೇಬೇಕಾಗುತ್ತದೆ. ಅದಕ್ಕೆ ಮೊದಲು ತಾರೀಖು ನಮ್ಮ ಹತ್ತಿರ ಇರಬೇಕು.

ಆ ತಾಯಿಗೆ ನಾವು ಇದನ್ನೇ ಹೇಳಿದ್ದೆವು. ಕಳೆದ ವಾರ ಮಗಳ ಸ್ಕಾಲರ್‌ಶಿಪ್ಪಿಗೆ ಇನ್ನೊಂದು ಕಾಗದ ಬೇಕಾಗಿ ಆಕೆ ಮತ್ತೆ ಹೋದಳು. ಈ ಸಲ ಮಗಳ ಹಳೇ ನೋಟ್‌ಬುಕ್ ಚೀಲದಲ್ಲಿತ್ತು. ಸರ್ವರ್ ಇರಲಿಲ್ಲ. ಆಕೆ ನೋಟ್‌ಬುಕ್ ತೆಗೆದು ಕಿಂಡಿಯೊಳಗೆ ತಳ್ಳಿ, ‘ಹಂಗಾರ ಸರ್ವರ್ ಇಲ್ಲಂತ ಇದರಾಗ ಬರದು ಸಹಿ ಮಾಡ್ರಿ, ನಾ ಹೊಳ್ಳಿ ಹೋಕ್ಕೀನಿ’ ಎಂದಳಂತೆ. ಆಪರೇಟರ್ ಹುಡುಗ ಮೊದಲು ನಕ್ಕ. ಹಿಂದೆ ನಿಂತವರು ನಗಲಿಲ್ಲ, ನಮಗೂ ಹಂಗ ಬರಕೊಡ್ರಿ ಎಂದರು. ಹುಡುಗ ಆಚೆ ಈಚೆ ನೋಡಿ, ತಾರೀಖು ಹಾಕಿ, ‘ಸರ್ವರ್ ಇಲ್ಲ, 11.40’ ಎಂದು ಬರೆದು ಸಹಿ ಹಾಕಿದ. ನೋಟ್‌ಬುಕ್ ವಾಪಸ್ ಕೊಡುವ ಮುಂಚೆ ತನ್ನ ಫೋನು ತೆಗೆದು ಆ ಹಾಳೆಯ ಫೋಟೋ ಹೊಡೆದುಕೊಂಡ.

‘ಯಾಕ್ ತಮ್ಮಾ?’ ಎಂದಳು ಈಕೆ.

‘ಇರ್ಲಿ ಅಕ್ಕಾ, ನಮ್ಮ ಸಾಹೇಬ್ರಿಗೆ ನಾನೂ ತೋರಸ್ತೀನಿ. ಬಾಯಾಗ ಹೇಳಿದ್ರ ಅವ್ರೂ ನಂಬಂಗಿಲ್ಲ.’